ಕೊನೆಯ ಬೆಲ್ ಆದ ಮೇಲಿನ ಮೇಷ್ಟ್ರು

ಹಾಸನ ಜಿಲ್ಲೆಯ ನಮ್ಮ ಹೋಬಳಿ ಊರಿನಲ್ಲಿ ಅಪ್ಪನನ್ನು ಹೆಸರು ಹಿಡಿದು ಕರೆದವರನ್ನು ನಾನು ಕಂಡಿಲ್ಲ. ಎಲ್ಲರಿಗೂ ಅವರು ಡ್ರಿಲ್ ಮೇಷ್ಟ್ರು. ಸಂತೆಗೆ ಹೋದರೂ ಅಷ್ಟೆ, ಮದುವೆ ಮನೆಗೆ ಹೋದರೂ ಅಷ್ಟೆ. 1967ರಲ್ಲಿ ಸಿ.ಪಿ.ಇಡ್. ಮುಗಿಸಿಕೊಂಡು ಅಲ್ಲಿನ ಹೈಸ್ಕೂಲಿಗೆ ಬಂದವರು, ನಡುವೆ ಒಂದು ವರ್ಗಾವಣೆ ಬಿಟ್ಟರೆ, 2001ರಲ್ಲಿ ನಿವೃತ್ತರಾಗುವ ತನಕ ಅಲ್ಲೇ ಇದ್ದರು. ಖೋ ಖೋ, ಕಬಡ್ಡಿ, ವಾಲಿಬಾಲ್ ಎಲ್ಲವನ್ನೂ ಕಲಿಸಿದರು. ಆಗಸ್ಟ್ ಹದಿನೈದು ಹತ್ತಿರ ಬಂತೆಂದರೆ ಲೇಜಿಮ್ ಮತ್ತು ಡಂಬೆಲ್ಸ್ ಕವಾಯತು ಬೇರೆ. ಆದರೆ ಅವರ ಜೀವ ಇದ್ದದ್ದು ಬಾಲ್ ಬ್ಯಾಡ್ಮಿಂಟನ್‌ನಲ್ಲಿ.

ಈಗಿನ ಮಕ್ಕಳಿಗೆ ಆ ಆಟವನ್ನು ವಿವರಿಸಿಯೇ ಹೇಳಬೇಕು. ಹಳದಿ ಉಣ್ಣೆ ಸುತ್ತಿದ ಚೆಂಡು, 5 ಸೆಂಟಿಮೀಟರಿನಷ್ಟು ಅಡ್ಡಳತೆ, 27ರಿಂದ 30 ಗ್ರಾಂ ತೂಕ. ಬಲೆಯ ಆ ಕಡೆ ಐದು ಜನ, ಈ ಕಡೆ ಐದು ಜನ. ಮುಂದೆ ಇಬ್ಬರು, ಹಿಂದೆ ಇಬ್ಬರು, ನಡುವೆ ಒಬ್ಬ ಸೆಂಟರ್. ಚೆಂಡು ನೆಲ ಮುಟ್ಟುವಂತಿಲ್ಲ. ತಂಜಾವೂರಿನ ರಾಜಮನೆತನದವರು ಆಡುತ್ತಿದ್ದ ಆಟವಂತೆ. 1954ರಲ್ಲಿ ಅದಕ್ಕೊಂದು ಅಖಿಲ ಭಾರತ ಫೆಡರೇಷನ್ ಆಯಿತು. ಅರಮನೆಯಿಂದ ಹೊರಟ ಆಟ ಕೊನೆಗೆ ಬಂದು ನಿಂತದ್ದು ದಕ್ಷಿಣದ ಹಳ್ಳಿ ಶಾಲೆಗಳ ಮಣ್ಣಿನ ಅಂಗಳದಲ್ಲಿ. ಇದಕ್ಕೆ ಕಾರಣವನ್ನು ಅಪ್ಪ ಚೆನ್ನಾಗಿ ಬಿಡಿಸಿ ಹೇಳುತ್ತಿದ್ದರು. ಶಟಲ್ ಕಾಕಿನ ತೂಕ 5 ಗ್ರಾಂ ಮಾತ್ರ. ಗಾಳಿ ಬೀಸಿದರೆ ಅದು ಗಾಳಿಯ ಮಾತು ಕೇಳುತ್ತದೆಯೇ ಹೊರತು ಆಟಗಾರನ ಮಾತನ್ನಲ್ಲ. ಹಾಗಾಗಿ ಅದಕ್ಕೆ ಹಾಲ್ ಬೇಕು, ಮೇಲೆ ಸೂರು ಬೇಕು. ಉಣ್ಣೆ ಚೆಂಡಿಗೆ ಅದು ಯಾವುದೂ ಬೇಡ. ಮಣ್ಣು ಗಟ್ಟಿಯಾಗಿದ್ದು, ಎರಡು ಕಂಬ ಹೂಳಲು ಜಾಗವಿದ್ದರೆ ಸಾಕು.

1980ರಲ್ಲಿ ಪ್ರಕಾಶ್ ಪಡುಕೋಣೆ ಆಲ್ ಇಂಗ್ಲೆಂಡ್ ಗೆದ್ದ ಸುದ್ದಿ ಬಂದಾಗ ಅಪ್ಪ ಶಾಲೆಯಲ್ಲಿ ಪೆಪ್ಪರಮಿಂಟು ಹಂಚಿದ್ದರು. ಪ್ರಕಾಶ್ ಬೆಳೆದದ್ದು ಮಲ್ಲೇಶ್ವರದ ಕೆನರಾ ಯೂನಿಯನ್ನಿನ ಮದುವೆ ಹಾಲಿನಲ್ಲಿ, ಮದುವೆಗಳಿಲ್ಲದ ದಿನ ಅಲ್ಲೇ ಕೋರ್ಟು, ಆಟ ಹಚ್ಚಿದ್ದು ತಂದೆ ರಮೇಶ್ ಪಡುಕೋಣೆ. ಇದನ್ನೆಲ್ಲ ಪ್ರಾರ್ಥನೆಯ ಹೊತ್ತಿಗೆ ಮಕ್ಕಳಿಗೆ ಹೇಳಿದರು. ಅವರು ನಿತ್ಯ ನೆನೆಯುತ್ತಿದ್ದ ಆಟಗಾರ ಮಾತ್ರ ಬೇರೆ, ಆಂಧ್ರದ ಪಿಚ್ಚಯ್ಯ. 1970ರಲ್ಲಿ ಬಾಲ್ ಬ್ಯಾಡ್ಮಿಂಟನ್ನಿಗೆ ಮೊದಲ ಅರ್ಜುನ ಪ್ರಶಸ್ತಿ ತಂದವರು ಅವರು. ಪತ್ರಿಕೆಯಲ್ಲಿ ಬಂದ ಅವರ ಚಿತ್ರವನ್ನು ಕತ್ತರಿಸಿ ಆಟದ ಸಾಮಾನಿನ ಕೋಣೆಯ ಬಾಗಿಲಿಗೆ ಒಳಗಡೆಯಿಂದ ಅಂಟಿಸಿದ್ದರು. ಅದು ಹಳದಿಯಾಗಿ, ಅಂಚೆಲ್ಲ ಜಿರಲೆ ತಿಂದು, ಮುಖವಷ್ಟೇ ಉಳಿದಿದ್ದ ಕಾಲಕ್ಕೆ ನಾನು ಎಂಟನೇ ಕ್ಲಾಸಿಗೆ ಸೇರಿದೆ.

ಮನೆಯಲ್ಲಿ ಅಪ್ಪ, ಫೀಲ್ಡಿನಲ್ಲಿ ಸಾರ್. ಇದರಲ್ಲಿ ರಿಯಾಯಿತಿ ಇರಲಿಲ್ಲ.

ಅವರು ಕೋರ್ಟು ಹಾಕುತ್ತಿದ್ದುದನ್ನು ನಾನು ಎಲ್ಲಕ್ಕಿಂತ ಹೆಚ್ಚು ನೆನೆಯುತ್ತೇನೆ. ಮಳೆಗಾಲ ಕಳೆದು ನೆಲ ಆರಿದ ಮೇಲೆ ಪ್ರತಿ ವರ್ಷ ಹೊಸದಾಗಿ ಗೆರೆ ಹಾಕಬೇಕಿತ್ತು. ಉದ್ದ 24 ಮೀಟರ್, ಅಗಲ 12 ಮೀಟರ್. ಮೂಲೆಗಳು ಸರಿಯಾಗಿ ಬರಬೇಕಲ್ಲ, ಅದಕ್ಕೆ ಅಪ್ಪನ ಹತ್ತಿರ ಒಂದು ಸೆಣಬಿನ ಹಗ್ಗ ಇತ್ತು. ಮೀಟರಿಗೊಂದು ಗಂಟು. ಮೂರು ಗಂಟು ಈ ಕಡೆ, ನಾಲ್ಕು ಗಂಟು ಆ ಕಡೆ, ಐದು ಗಂಟು ಓರೆಯಾಗಿ; ಮೂರು ಹುಡುಗರು ಮೂರು ಮೂಲೆಯಲ್ಲಿ ಹಗ್ಗ ಜಗ್ಗಿ ಹಿಡಿದರೆ ಮೂಲೆ ತಾನಾಗಿ ಲಂಬಕೋನವಾಗುತ್ತಿತ್ತು. ಗೂಟ ಹೊಡೆದಾದ ಮೇಲೆ ಎದುರುಬದುರಿನ ಮೂಲೆಗಳನ್ನು ಅಳೆಸುತ್ತಿದ್ದರು. ಎರಡೂ ಕಡೆ 26 ಮೀಟರ್ 83 ಸೆಂಟಿಮೀಟರ್ ಬಂದರೆ ಸರಿ, ಇಲ್ಲವಾದರೆ ಗೂಟ ಕಿತ್ತು ಮೊದಲಿಂದ. ಪೈಥಾಗೊರಸನ ಪ್ರಮೇಯವನ್ನು ನಮ್ಮ ಗಣಿತದ ಮೇಷ್ಟ್ರು ಬೋರ್ಡಿನ ಮೇಲೆ ತೆಗೆದುಕೊಳ್ಳುವ ಹೊತ್ತಿಗೆ ಹಿಂದಿನ ಬೆಂಚಿನ ಹುಡುಗರಿಗೆ ಅದು ಕೈಗೆ ಗೊತ್ತಿತ್ತು. ಆಮೇಲೆ ತೆಂಗಿನ ಚಿಪ್ಪಿಗೆ ತೂತು ಕೊರೆದು, ಸುಣ್ಣದ ಪುಡಿ ತುಂಬಿ, ಅಪ್ಪ ಬಗ್ಗಿದವರು ಬಗ್ಗಿದಂತೆಯೇ ಗೆರೆಯುದ್ದಕ್ಕೂ ನಡೆಯುತ್ತಿದ್ದರು. ಆ ಸೊಂಟ ನೋವು ಕೊನೆಯವರೆಗೂ ಅವರನ್ನು ಬಿಡಲಿಲ್ಲ.

ಬ್ಯಾಟುಗಳೂ ಅಷ್ಟೆ. ಮರದ ಬ್ಯಾಟು ಸೊಟ್ಟಗಾಗದಂತೆ ನಾಲ್ಕು ತಿರುಪಿನ ಮರದ ಪ್ರೆಸ್ಸಿಗೆ ಹಾಕಿಡಬೇಕು. ಗಟ್ ಕಿತ್ತುಹೋದರೆ ಪೇಟೆಗೆ ಕಳಿಸುವಷ್ಟು ಹಣ ಶಾಲೆಯಲ್ಲಿ ಎಲ್ಲಿಯದು? ರಾತ್ರಿ ಊಟವಾದ ಮೇಲೆ ಜಗುಲಿಯಲ್ಲಿ ಕೂತು, ಬ್ಯಾಟನ್ನು ಮೊಣಕಾಲ ನಡುವೆ ಅಮುಕಿ ಹಿಡಿದು, ದಬ್ಬಳದಿಂದ ತೂತು ಬಿಡಿಸುತ್ತ ಒಂದೊಂದೇ ಎಳೆ ಹೆಣೆಯುತ್ತಿದ್ದರು. ಹೆಣೆದಾದ ಮೇಲೆ ಬೆರಳಿನಿಂದ ಮೀಟಿ ಕಿವಿಗಿಟ್ಟು ಕೇಳುವರು. ನಾದ ಸರಿ ಬರದಿದ್ದರೆ ಬಿಚ್ಚುವರು.

ಇಷ್ಟೆಲ್ಲ ನಡೆಯುತ್ತಿದ್ದದ್ದು ಸಂಬಳದ ಹೊತ್ತಿನಲ್ಲಲ್ಲ. ನಾಲ್ಕೂವರೆಗೆ ಕೊನೆಯ ಬೆಲ್ ಹೊಡೆದು ಉಳಿದ ಮೇಷ್ಟ್ರುಗಳು ಬಸ್ ಸ್ಟ್ಯಾಂಡಿನ ಕಡೆ ಹೊರಟ ಮೇಲೆ ಅಪ್ಪನ ಶಾಲೆ ಶುರುವಾಗುತ್ತಿತ್ತು. ಕತ್ತಲಾಗಿ ಚೆಂಡು ಕಾಣದಾಗುವವರೆಗೆ. ಹುಡುಗರದೇನೋ ನಡೆಯಿತು. ಹುಡುಗಿಯರದೇ ಕಷ್ಟ. ಎಂಬತ್ತರ ದಶಕದ ಹಳ್ಳಿಯಲ್ಲಿ ದೊಡ್ಡವಳಾದ ಮಗಳನ್ನು ಸಂಜೆ ಆರರ ತನಕ ಫೀಲ್ಡಿನಲ್ಲಿ ಬಿಡುವವರು ಯಾರು? ಅಪ್ಪ ಮನೆಮನೆಗೆ ಹೋದರು. ಒಬ್ಬರ ಮನೆಯಲ್ಲಿ ಆಡಿದ ಮಾತು ನನ್ನ ಎದುರಿಗೇ ಆದದ್ದು.

‘ಗೌಡ್ರೆ, ಮಗಳನ್ನ ಆಡಕ್ಕೆ ಬಿಡಿ. ಕೈ ಚೆನ್ನಾಗಿದೆ ಅವಳದು.’

‘ಕತ್ತಲಾಯ್ತದೆ ಮೇಷ್ಟ್ರೆ. ಜನ ಆಡ್ಕೊಂಡ್ರೆ ಏನ್ ಮಾಡೋದು?’

‘ದಿನಾ ನಾನೇ ತಂದು ನಿಮ್ಮ ಬಾಗಿಲಿಗೆ ಬಿಡ್ತೀನಿ. ನನ್ನ ಮಗಳೂ ಜೊತೇಲೇ ಇರ್ತಾಳೆ. ಒಂದು ದಿನ ತಪ್ಪಿದ್ರೆ ಮಾರನೇ ದಿನದಿಂದ ಕಳಿಸಬೇಡಿ.’

ತಪ್ಪಲಿಲ್ಲ. ಆಟ ಮುಗಿದ ಮೇಲೆ ಟಾರ್ಚು ಹಿಡಿದ ಅಪ್ಪ, ಹಿಂದೆ ನಾವಷ್ಟು ಹುಡುಗಿಯರು, ಒಂದೊಂದು ಮನೆಯ ಮುಂದೆ ಒಬ್ಬೊಬ್ಬಳು ಕಳಚಿಕೊಳ್ಳುತ್ತ ಊರಿಡೀ ಸುತ್ತಿ ಮನೆ ಸೇರುವಾಗ ಎಂಟು ಗಂಟೆ. ಅಮ್ಮ ಮುದ್ದೆ ತೊಳಸುವುದನ್ನು ನಮ್ಮ ಹೆಜ್ಜೆ ಸದ್ದು ಕೇಳಿದ ಮೇಲೆಯೇ ಶುರು ಮಾಡುತ್ತಿದ್ದಳು. ಆ ಹುಡುಗಿಯರ ತಂಡ ಹೋಬಳಿ, ತಾಲ್ಲೂಕು ದಾಟಿ ಜಿಲ್ಲಾ ಮಟ್ಟಕ್ಕೆ ಹೋಯಿತು. ಹಾಸನದ ಮಕ್ಕಳು ಬಿಳಿ ಶೂ ಹಾಕಿದ್ದರು, ನಾವು ಬರಿಗಾಲು. ಬಗಲಲ್ಲಿ ಚಿತ್ರಾನ್ನದ ಗಂಟು, ನಿಂಬೆಹಣ್ಣಿನ ಹೋಳು. ಸೆಂಟರ್ ಆಡಿದ ಗೌಡರ ಮಗಳು ಮುಂದೆ ಅದೇ ಆಟದ ಕೋಟಾದಲ್ಲಿ ರೈಲ್ವೆ ಸೇರಿದಳು. ಗೆದ್ದೆವೋ ಸೋತೆವೋ ಎಂಬುದಕ್ಕಿಂತ, ಆ ಸಂಜೆಗಳಲ್ಲಿ ನಮಗೆ ಊರಿನ ರಸ್ತೆ ನಮ್ಮದೂ ಹೌದು ಎನಿಸಿತ್ತು, ಅದು ದೊಡ್ಡದು.

ಅಪ್ಪ ಹೋಗಿ ಎರಡು ವರ್ಷ ದಾಟಿತು. ಹನ್ನೊಂದನೇ ದಿನದ ಕಾರ್ಯ ಮುಗಿಸಿ ಅವರ ಟ್ರಂಕು ತೆಗೆದಾಗ ಉದ್ದನೆಯ ಲೆಕ್ಕದ ಪುಸ್ತಕಗಳು ಸಿಕ್ಕವು. ಒಂದೊಂದು ವರ್ಷಕ್ಕೆ ಒಂದೊಂದು. ಪ್ರತಿ ಪುಟದಲ್ಲೂ ಮಕ್ಕಳ ಹೆಸರು, ಎತ್ತರ, ತೂಕ. ಕೊನೆಯ ಕಾಲಮಿನಲ್ಲಿ ಸಣ್ಣ ಅಕ್ಷರದಲ್ಲಿ ‘ಬೆ.ಇ.’ ಎಂದು ಅಲ್ಲಲ್ಲಿ ಬರೆದಿತ್ತು. ಏನೆಂದು ನಮಗ್ಯಾರಿಗೂ ತಿಳಿಯಲಿಲ್ಲ. ಅಮ್ಮ ಹೇಳಿದಳು, ‘ಬೆಳಿಗ್ಗೆ ಇಲ್ಲ ಅಂತ. ಮನೇಲಿ ಬೆಳಿಗ್ಗೆ ಏನೂ ತಿನ್ನದೆ ಬರೋ ಮಕ್ಕಳು. ಅವರಿಗೆ ಅಂತಾನೆ ನನ್ನ ಕೈಲಿ ಹುರಿಗಡಲೆ ಬೆಲ್ಲ ಕಟ್ಟಿಸ್ಕೊಂಡು ಹೋಗ್ತಿದ್ರು.’ ಅದು ಬಿಸಿಯೂಟ ಬರುವುದಕ್ಕಿಂತ ಎಷ್ಟೋ ಮುಂಚಿನ ಮಾತು. ತಂಡದ ಆಟಗಾರರಿಗೆಲ್ಲ ಕಡಲೆ ಬೆಲ್ಲ ಸಿಗುತ್ತಿತ್ತು. ಹಸಿದವರಿಗೆ ಒಂದು ಹಿಡಿ ಹೆಚ್ಚು ಹೋಗುತ್ತಿದ್ದುದು ಯಾರ ಕಣ್ಣಿಗೂ ಬಿದ್ದಿರಲಿಲ್ಲ, ನನ್ನ ಕಣ್ಣಿಗೂ.

ಈಚೆಗೆ ಆ ಶಾಲೆಗೆ ಹೋಗಿದ್ದೆ. ಕೋರ್ಟಿದ್ದ ಕಡೆ ಹೊಸ ಕೊಠಡಿಗಳು ಬಂದಿವೆ. ಕೊಠಡಿ ಬೇಕಿತ್ತು, ಬೇಡವೆನ್ನುವವಳು ನಾನಲ್ಲ. ಅಂಗಳದ ಉಳಿದ ಭಾಗಕ್ಕೆ ಇಂಟರ್‌ಲಾಕ್ ಕಲ್ಲು ಹಾಸಿದ್ದಾರೆ. ದೈಹಿಕ ಶಿಕ್ಷಕರ ಹುದ್ದೆ ಖಾಲಿ. ಆಟದ ಪೀರಿಯಡ್ಡನ್ನು ಎಸ್ಸೆಸ್ಸೆಲ್ಸಿ ಫಲಿತಾಂಶದ ಒತ್ತಡದಲ್ಲಿರುವ ಇತರರು ಹಂಚಿಕೊಂಡಿದ್ದಾರೆ. ದೈಹಿಕ ಶಿಕ್ಷಕರನ್ನೂ ಉಳಿದ ಶಿಕ್ಷಕರ ಸಮಕ್ಕೆ ಕಾಣಿ, ಆ ಕುರಿತ ವೈದ್ಯನಾಥನ್ ವರದಿ ಜಾರಿಗೆ ತನ್ನಿ ಎಂಬ ಬೇಡಿಕೆ ವರ್ಷಗಳಿಂದ ಕೇಳಿಬರುತ್ತಲೇ ಇದೆ. ಪೇಟೆಯಲ್ಲಿ ಶಟಲ್ ಕೋರ್ಟುಗಳಿಗೆ ಬರವಿಲ್ಲ, ಗಂಟೆಗಿಷ್ಟು ಎಂದು ಕೊಟ್ಟರೆ ಆಡಬಹುದು. ಬೆಳಿಗ್ಗೆ ತಿನ್ನದೆ ಬರುವ ಮಗು ಆ ಗಂಟೆಯ ದುಡ್ಡನ್ನು ಎಲ್ಲಿಂದ ತರಬೇಕು?

ಬಾಲ್ ಬ್ಯಾಡ್ಮಿಂಟನ್ ಪೂರ್ತಿ ಸತ್ತಿಲ್ಲ. ಶಾಲಾ ಕ್ರೀಡಾಕೂಟಗಳ ಪಟ್ಟಿಯಲ್ಲಿ ಇನ್ನೂ ಇದೆ, ಮೂಡುಬಿದಿರೆಯ ಆಳ್ವಾಸ್ ಕಾಲೇಜಿನಂಥ ಕಡೆ ಗಟ್ಟಿ ತಂಡಗಳಿವೆ. ಅಪ್ಪನ ಕಾಲಕ್ಕೆ 29 ಇದ್ದ ಗೇಮು ಈಗ 35 ಪಾಯಿಂಟಿಗೆ ಬಂದಿದೆ. ಹಳ್ಳಿ ಅಂಗಳದಿಂದ ಮಾತ್ರ ಅದು ಎದ್ದು ಹೋಗುತ್ತಿದೆ. ನನಗೆ ಆಟಕ್ಕಿಂತ ಹೆಚ್ಚಿನ ಸಂಕಟ ಬೆಲ್ ಹೊಡೆದ ಮೇಲೆ ಉಳಿಯುತ್ತಿದ್ದ ಮೇಷ್ಟ್ರನ್ನು ಕುರಿತು. ಒಬ್ಬರು ಹಾಗೆ ಉಳಿದರೆ ಏನಾಗುತ್ತದೆ ಎಂಬುದಕ್ಕೆ ತಿ. ನರಸೀಪುರ ತಾಲ್ಲೂಕಿನ ಕುರುಬೂರು ಕಣ್ಣ ಮುಂದಿದೆ. 2025ರ ಜನವರಿಯಲ್ಲಿ ದೆಹಲಿಯಲ್ಲಿ ಮೊದಲ ಖೋ ಖೋ ವಿಶ್ವಕಪ್ ಗೆದ್ದ ಭಾರತದ ಮಹಿಳಾ ತಂಡದಲ್ಲಿ ಆ ಊರಿನ ಚೈತ್ರಾ ಇದ್ದರು. ಆ ಊರಿನಲ್ಲಿ ಮಕ್ಕಳಿಗೆ ದಿನವೂ ಖೋ ಖೋ ಕಲಿಸುವವರಿದ್ದಾರೆ. ಅಪ್ಪ ಇದ್ದಿದ್ದರೆ ಮತ್ತೆ ಪೆಪ್ಪರಮಿಂಟು ಹಂಚುತ್ತಿದ್ದರು.

ಹಳೆಯ ವಿದ್ಯಾರ್ಥಿ ಸಂಘಗಳವರಲ್ಲಿ ನನ್ನದೊಂದು ಬೇಡಿಕೆ. ಓದಿದ ಶಾಲೆಗೆ ಏನಾದರೂ ಮಾಡೋಣ ಎಂದು ನೀವು ಹಣ ಕೂಡಿಸುವಾಗ ಸ್ವಾಗತ ಕಮಾನು, ರಂಗಮಂದಿರ ಎಂದೆಲ್ಲ ಯೋಚನೆ ಹೋಗುತ್ತದೆ. ಅದಕ್ಕೂ ಮುಂಚೆ 24 ಮೀಟರ್ ಉದ್ದ, 12 ಮೀಟರ್ ಅಗಲದಷ್ಟು ಮಣ್ಣನ್ನು ಕಲ್ಲು ಹಾಸದೆ ಹಾಗೇ ಉಳಿಸಿಕೊಡಿ. ಒಂದು ಬಲೆ, ಹತ್ತು ಬ್ಯಾಟು, ಒಂದು ಡಜನ್ ಉಣ್ಣೆ ಚೆಂಡು ಕೊಡಿಸಿ. ಆಮೇಲೆ ಎಲ್ಲರೂ ಸೇರಿ ಬಿ.ಇ.ಓ. ಕಚೇರಿಗೆ ಹೋಗಿ, ಖಾಲಿ ಇರುವ ಡ್ರಿಲ್ ಮೇಷ್ಟ್ರ ಹುದ್ದೆ ತುಂಬಿಸಿಕೊಡಿ ಎಂದು ಅರ್ಜಿ ಕೊಟ್ಟು, ತುಂಬುವವರೆಗೂ ಹೋಗುತ್ತಲೇ ಇರಿ.