ನಿನಗೇನನ್ನಿಸುತ್ತದೆ?

ಅಭಿಪ್ರಾಯ ಕೇಳುವುದಕ್ಕೆ ನಮ್ಮಲ್ಲಿ ಮಾತಿಗೇನೂ ಬರವಿಲ್ಲ. ನಂಜನಗೂಡಿನ ನಮ್ಮ ಮನೆಗಳಲ್ಲಿ ದಖನಿಯಲ್ಲಿ 'ತುಮೆ ಕ್ಯಾ ಬೋಲ್ತೆ?' ಎನ್ನುತ್ತೇವೆ. ಬೀದಿಗಿಳಿದರೆ 'ನೀವೇನಂತೀರಿ?' ಎನ್ನುತ್ತೇವೆ. ಕನ್ನಡದ 'ಸಲಹೆ' ಎಂಬ ಪದವೇ ಅರಬಿ ಮೂಲದ್ದು. ಆದರೆ ಮಾತು ಇದ್ದ ಮಾತ್ರಕ್ಕೆ ಕೇಳುವ ಅಭ್ಯಾಸವಿದೆ ಎನ್ನಲಾಗದು.

ತಿ. ನರಸೀಪುರಕ್ಕೆ ಕೊಟ್ಟಿರುವ ನನ್ನ ಅಕ್ಕನ ಮಗಳು ಮೈಸೂರಿನಲ್ಲಿ ಸ್ಪ್ಯಾನಿಷ್ ಕಲಿಯುತ್ತಿದ್ದಾಳೆ. ಒಮ್ಮೆ ಅವಳು ಹೇಳಿದಳು: "ಖಾಲಾ, ಅವರು ಅಭಿಪ್ರಾಯ ಕೇಳುವಾಗ 'ಕೆ ತೆ ಪರೇಸೆ?' ಅಂತಾರೆ. 'ತೆ' ಅಂದರೆ ನಿನಗೆ. ಹಿರಿಯರಾದರೆ 'ಕೆ ಲೆ ಪರೇಸೆ?' ಥೇಟ್ ನಮ್ಮ 'ನಿನಗೇನನ್ನಿಸುತ್ತೆ, ನಿಮಗೇನನ್ನಿಸುತ್ತೆ' ಇದ್ದ ಹಾಗೇ!" 711ರಿಂದ 1492ರವರೆಗೆ ಮುಸ್ಲಿಮ್ ಆಳ್ವಿಕೆ ಕಂಡ ನಾಡಿನ ಭಾಷೆಯದು. 'ಹಾಗಾಗಲಿ' ಎಂದು ಹಾರೈಸಲು ಅವರು ಇಂದಿಗೂ ಬಳಸುವ 'ಓಹಲಾ' ಎಂಬ ಪದದೊಳಗೆ ಅಲ್ಲಾಹನ ಹೆಸರೇ ಇದೆ.

ಅದಾದ ಕೆಲವೇ ದಿನಗಳಲ್ಲಿ ಅವಳಿಗೊಂದು ಸಂಬಂಧ ಬಂತು. ಹಿರಿಯರು ನಡುಮನೆಯಲ್ಲಿ ಕುಳಿತು ನಿಕಾಹ್‌ನ ದಿನ, ಊಟ, ಛತ್ರ ಎಲ್ಲವನ್ನೂ ಮಾತಾಡಿ ಮುಗಿಸಿದರು. ಕೊನೆಗೆ ಅಕ್ಕ ಅಡುಗೆಮನೆಗೆ ಬಂದು, "ಒಪ್ಪಿಗೆ ತಾನೇ?" ಎಂದಳು. ಹುಡುಗಿ ತಲೆ ತಗ್ಗಿಸಿದಳು. ಮೌನವೇ ಸಮ್ಮತಿಯೆಂದು ಎಲ್ಲರೂ ನಕ್ಕರು. ರಾತ್ರಿ ನನ್ನ ಪಕ್ಕ ಮಲಗಿದ್ದವಳು ಮೆಲ್ಲನೆ, "ನಿನಗೇನನ್ನಿಸುತ್ತೆ ಅಂತ ಒಬ್ಬರೂ ಕೇಳಲಿಲ್ಲ ಖಾಲಾ" ಎಂದಳು.

ಮೌನದ ಮಾತು ಹದೀಸ್‌ನಲ್ಲಿರುವುದು ನಿಜ. ಆದರೆ ಅದು ಬಂದ ಸಂದರ್ಭವನ್ನು ನಾವು ಮರೆಯುತ್ತೇವೆ. ಕನ್ಯೆಯ ಅನುಮತಿ ಕೇಳಲೇಬೇಕೆಂದು ಪ್ರವಾದಿವರ್ಯರು(ಸ) ಹೇಳಿದಾಗ, ಆಕೆ ನಾಚಿಕೊಳ್ಳುತ್ತಾಳಲ್ಲ ಎಂದು ಹಝ್ರತ್ ಆಇಶಾ(ರ) ಕೇಳಿದರು. ಮೌನವೂ ಅನುಮತಿಯೆಂಬ ಉತ್ತರ ಬಂದದ್ದು ಆಗ. ಅದು ನಾಚಿಕೆಯವಳಿಗೆ ಕೊಟ್ಟ ರಿಯಾಯಿತಿಯೇ ಹೊರತು ಕೇಳದವರಿಗೆ ಕೊಟ್ಟ ಪರವಾನಗಿಯಲ್ಲ. ತಂದೆ ಇಷ್ಟವಿಲ್ಲದ ಮದುವೆ ಮಾಡಿಸಿದನೆಂದು ಖನ್ಸಾ(ರ) ದೂರಿತ್ತಾಗ ಪ್ರವಾದಿವರ್ಯರು(ಸ) ಆ ಮದುವೆಯನ್ನೇ ರದ್ದುಪಡಿಸಿದರು. ಗುಲಾಮಗಿರಿಯಿಂದ ಬಿಡುಗಡೆಗೊಂಡ ಬರೀರಾ(ರ)ರಿಗೆ ಪತಿಯ ಬಳಿಗೆ ಮರಳಬಾರದೇ ಎಂದು ಅವರೇ ಹೇಳಿದಾಗ, ಇದು ಆಜ್ಞೆಯೇ ಎಂದು ಆಕೆ ವಿಚಾರಿಸಿದರು. ಅಲ್ಲ, ಶಿಫಾರಸು ಮಾತ್ರ ಎಂದು ತಿಳಿದ ಮೇಲೆ ನಿರಾಕರಿಸಿದರು. ಅದಕ್ಕಾಗಿ ಯಾರೂ ಆಕೆಯನ್ನು ಗದರಲಿಲ್ಲ.

ಬೆಳಿಗ್ಗೆ ಭಾವನವರಿಗೆ ಇಷ್ಟನ್ನೇ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, ಮಗಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಕೇಳಿದರು. ಹುಡುಗನ ಬಗ್ಗೆ ಅವಳಿಗೆ ಬೇಸರವಿರಲಿಲ್ಲ. ಓದು ಮುಗಿಯಬೇಕು, ಮನೆಯವರ ಎದುರಿನಲ್ಲೇ ಒಮ್ಮೆ ಅವನೊಡನೆ ಮಾತಾಡಬೇಕು ಎಂಬುದಷ್ಟೇ ಅವಳ ಬೇಡಿಕೆ. ಭಾವ ಗಂಡಿನ ಕಡೆಯವರಿಗೆ ಫೋನ್ ಮಾಡಿದರು. ಅವರಿಂದ ಇನ್ನೂ ಉತ್ತರ ಬಂದಿಲ್ಲ. ಸಂಬಂಧ ತಪ್ಪಿಹೋದೀತೆಂಬ ಅಳುಕು ಅಕ್ಕನಿಗಿದೆ. ತಪ್ಪಿಹೋಗಲೂಬಹುದು.

'ಒಪ್ಪಿಗೆ ತಾನೇ?' ಎಂಬ ಪ್ರಶ್ನೆಗೆ ಒಂದೇ ಉತ್ತರ. 'ನಿನಗೇನನ್ನಿಸುತ್ತದೆ?' ಎಂದು ಕೇಳುವವರು ತಮಗೆ ಬೇಡದ ಉತ್ತರಕ್ಕೂ ಸಿದ್ಧರಿರಬೇಕು. ನಮ್ಮ ಹೆಣ್ಣುಮಕ್ಕಳನ್ನು ಅಷ್ಟು ಧೈರ್ಯದಿಂದ ಕೇಳುವ ಮನೆಗಳು ಎಷ್ಟಿವೆ?