ಹೊಳೆಯ ಮೀನಿನ ಲೆಕ್ಕ

ನಮ್ಮ ಬಬಲೇಶ್ವರ ತಾಲೂಕಿನ ದಕ್ಷಿಣದ ಅಂಚಿಗೆ ಕೃಷ್ಣೆ ಇದ್ದಾಳೆ. ಜೈನಾಪುರದ ನಮಗೆ ಅವಳು ಬರೀ ‘ಹೊಳಿ’. ಮೊಮ್ಮಗಳು ಕೇಳಿದಳು: “ಮುತ್ಯಾ, ಹೊಳ್ಯಾಗ ಎಷ್ಟ್ ಮೀನ ಅದಾವಂತ ಯಾರರೆ ಎಣಿಸ್ತಾರೇನು?”

ಎಣಿಸುತ್ತಾರೆ. ಆದರೆ ಒಂದು, ಎರಡು ಅಂತ ಅಲ್ಲ. ಮೀನುಗಾರರು ಬಲೆ ಎತ್ತಿ ದಂಡೆಗೆ ಬಂದಾಗ ಸಂಶೋಧಕರು ತಕ್ಕಡಿ, ಅಳತೆಪಟ್ಟಿ ಹಿಡಿದು ಕೂಡುತ್ತಾರೆ. ಜಾತಿ ಯಾವುದು, ಉದ್ದ ಎಷ್ಟು, ತೂಕ ಎಷ್ಟು, ಹೊಟ್ಟೆಯಲ್ಲಿ ತತ್ತಿ ಇದೆಯೇ ಎಂದು ಬರೆದುಕೊಳ್ಳುತ್ತಾರೆ. ಅದಕ್ಕಿಂತ ಮುಖ್ಯ, ಎಷ್ಟು ಬಲೆ ಎಷ್ಟು ತಾಸು ನೀರಲ್ಲಿತ್ತು ಅನ್ನುವುದು. ಹೋದ ವರ್ಷ ಐದು ಬಲೆಗೆ ಸಿಕ್ಕ ಒಂದು ಬುಟ್ಟಿ ಮೀನಿಗೆ ಈ ವರ್ಷ ಹತ್ತು ಬಲೆ ಬೇಕಾಯಿತು ಅನ್ನಿ. ಬುಟ್ಟಿ ತುಂಬಿದ್ದರೂ ಹೊಳೆ ಬರಿದಾಗುತ್ತಿದೆ ಎಂದೇ ಅರ್ಥ.

ಮೀನಿನ ವಯಸ್ಸನ್ನೂ ತಿಳಿಯಬಹುದು. ಅದರ ತಲೆಯೊಳಗೆ, ಕಿವಿಯ ಜಾಗದಲ್ಲಿ, ಸಣ್ಣ ಕಲ್ಲಿನಂಥದ್ದು ಇರುತ್ತದೆ. ಮರದ ಕಾಂಡದ ಹಾಗೆ ಅದರಲ್ಲೂ ಉಂಗುರಗಳು.

1964ರಲ್ಲಿ ಲಾಲ್ ಬಹಾದ್ದೂರ್ ಶಾಸ್ತ್ರಿಯವರು ಆಲಮಟ್ಟಿ ಅಣೆಕಟ್ಟೆಗೆ ಅಡಿಗಲ್ಲು ಹಾಕಿದರು. ಈಗ ಅಲ್ಲಿ 519.60 ಮೀಟರ್ ಮಟ್ಟದವರೆಗೆ ನೀರು ನಿಲ್ಲುತ್ತದೆ. ಮುಳುಗಡೆ ಅಂದರೆ ನಮ್ಮ ಕಡೆ ಮನೆ, ಹೊಲ, ಗುಡಿ ಹೋದ ಕಥೆ. ಮೀನಿಗೆ ನೀರೇನೋ ಹೆಚ್ಚಾಯಿತು, ಹರಿವು ಹೋಯಿತು. ಹೊಳೆಯ ಎಷ್ಟೋ ಮೀನುಗಳು ಮಳೆಗಾಲದ ಕೆಂಪು ನೀರು ಬಂದಾಗ ಪ್ರವಾಹಕ್ಕೆ ಎದುರಾಗಿ ಈಜಿ ತತ್ತಿ ಇಡುವಂಥವು. ಗೋಡೆ ಅಡ್ಡ ಬಂದರೆ ಅವು ಎಲ್ಲಿಗೆ ಹೋಗಬೇಕು?

ಜಿಲೇಬಿ ಮೀನಿಗೆ ಈ ಚಿಂತೆಯಿಲ್ಲ. ಆಫ್ರಿಕಾದ ಈ ಮೀನು ಭಾರತಕ್ಕೆ ಬಂದದ್ದು 1952ರಲ್ಲಿ. ತಾಯಿ ತತ್ತಿಗಳನ್ನು ಬಾಯಲ್ಲೇ ಇಟ್ಟುಕೊಂಡು ಮರಿ ಮಾಡುತ್ತಾಳೆ, ನಿಂತ ನೀರೇ ಸಾಕು. ಜಲಾಶಯಗಳಿಗೆ ಬಿಡುವ ಕಾಟ್ಲಾ, ರೋಹು ಕೂಡ ಗಂಗೆಯ ಕಡೆಯವು. ಅವನ್ನು ನಾನು ಹೀಗಳೆಯುವುದಿಲ್ಲ, ಅವುಗಳಿಂದಲೇ ಎಷ್ಟೋ ಮೀನುಗಾರರ ಮನೆಯಲ್ಲಿ ಒಲೆ ಉರಿಯುತ್ತದೆ. ಆದರೆ ಬಿಟ್ಟ ಮೀನು, ಹೊಳೆಯದೇ ಮೀನು ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗಿ “ಮೀನು ಹೆಚ್ಚಾಗಿದೆ” ಅನ್ನುವುದು ನನಗೆ ಒಪ್ಪಿಗೆಯಿಲ್ಲ.

ಹೋಲಿಸಿ ನೋಡಲು ಹಳೆಯ ದಾಖಲೆ ಬೇಕು. 1839ರಲ್ಲೇ ಕರ್ನಲ್ ಸೈಕ್ಸ್ ಎಂಬ ಇಂಗ್ಲಿಷ್ ಅಧಿಕಾರಿ ದಖ್ಖನದ ಮೀನುಗಳ ವಿವರ ಬರೆದಿಟ್ಟ. ದಖ್ಖನದ ಮಹಶೀರ್ ಮೀನಿಗೆ ‘ಖುದ್ರಿ’ ಎಂಬ ವೈಜ್ಞಾನಿಕ ಹೆಸರು ಕೊಟ್ಟವನು ಅವನೇ. ನಮ್ಮ ದಂಡೆಯ ಮೀನುಗಾರ ಅಜ್ಜಂದಿರ ದಾಖಲೆ ಇರುವುದು ಬಾಯಲ್ಲಿ. ಬಲೆಗೆ ಬಿದ್ದ ಸಣ್ಣ ಮೀನಿಗೂ ಅವರು ಹೆಸರು ಹೇಳುತ್ತಾರೆ, ಯಾವ ಮಳೆಗೆ ಎಲ್ಲಿ ಸಿಗುತ್ತಿತ್ತು ಅನ್ನುತ್ತಾರೆ. ಹೊಳೆ ಕಡೆ ಹೋಗುವ ಹುಡುಗರು ಒಂದು ನೋಟ್‌ಬುಕ್ ಒಯ್ಯಿರಿ. ಹೆಸರಿನ ಮುಂದೆ ಜಾಗ, ತಾರೀಖು ಹಾಕುವುದನ್ನು ಮರೆಯಬೇಡಿ.