ಅತಿವಿವೇಕಿ ಎಂಬವನಿಲ್ಲ

ನಮ್ಮಲ್ಲಿ ಬುದ್ಧಿಯ ಖರ್ಚು ಜಾಸ್ತಿ. ಮಗ ಫೇಲಾದರೆ ಬುದ್ಧಿ ಹೇಳುತ್ತಾರೆ, ಕಾಲು ಕೆರೆದು ಜಗಳಕ್ಕೆ ಬಂದವನಿಗೆ ಬುದ್ಧಿ ಕಲಿಸುತ್ತಾರೆ, ಸಾಲ ಪಡೆದು ತಲೆಮರೆಸಿಕೊಂಡವನು 'ತನ್ನ ಬುದ್ಧಿ ತೋರಿಸಿಬಿಟ್ಟ' ಎನ್ನುತ್ತಾರೆ. ಹಳೇ ಮೈಸೂರಿನ ಕಡೆ ಮಠದ ಸ್ವಾಮಿಗಳನ್ನೂ ಊರ ದೊಡ್ಡವರನ್ನೂ 'ಬುದ್ಧಿ' ಎಂದೇ ಕರೆಯುವ ರೂಢಿ. 'ಆಗಲಿ ಬುದ್ಧಿ' ಎಂದು ಕೈಕಟ್ಟಿ ನಿಂತವನ ಮನಸ್ಸಿನಲ್ಲಿ ಏನಿತ್ತೆಂಬುದು ಮಾತ್ರ ಆ ಬುದ್ಧಿಗೂ ತಿಳಿಯುತ್ತಿರಲಿಲ್ಲ!

ಬುದ್ಧಿಗೆ ಯಾವ ವಿಶೇಷಣವೂ ಅಂಟುತ್ತದೆ: ಕೆಟ್ಟಬುದ್ಧಿ, ನರಿಬುದ್ಧಿ, ಮಂಗಬುದ್ಧಿ. ಅತಿಬುದ್ಧಿವಂತರಂತೂ ಬೀದಿಗೊಬ್ಬರಿದ್ದಾರೆ, ಧಾರವಾಡದ ಕಡೆ ಅವರಿಗೆ 'ಅತಿ ಶಾಣ್ಯಾ' ಎಂಬ ಬಿರುದು. ಆದರೆ 'ಕೆಟ್ಟ ವಿವೇಕ' ಎಂದು ಯಾರ ಬಾಯಲ್ಲೂ ಕೇಳಿಲ್ಲ. ಅತಿವಿವೇಕಿ ಎಂಬವನು ಇನ್ನೂ ಹುಟ್ಟಿಲ್ಲ.

ಕಾರಣ ಪದದ ಹೊಟ್ಟೆಯಲ್ಲೇ ಇದೆ. ವಿವೇಕದ ಬೇರು ಸಂಸ್ಕೃತದ 'ವಿಚ್' ಧಾತು; ಬೇರ್ಪಡಿಸು ಎಂದರ್ಥ. 'ಶುಚ್' ಶೋಕವಾದ ಹಾಗೆ 'ವಿಚ್' ವೇಕವಾಗಿ, ಮುಂದೆ 'ವಿ' ಉಪಸರ್ಗ ಬಂದು ಕೂತಿದೆ. ವಿವೇಚನೆ ಅದರ ಒಡಹುಟ್ಟು. ನಿರ್ಜನ ಎಂಬ ಅರ್ಥದ ವಿವಿಕ್ತವೂ ಅದೇ ಬಳಗದ್ದು. ಗುಂಪಿನಿಂದ ಬೇರ್ಪಟ್ಟ ಜಾಗ ತಾನೆ? ಅಕ್ಕಿ ಕೇರುವ ಮೊರ ಒಂದು ಕಾಳನ್ನೂ ಹೊಸದಾಗಿ ಕೊಡುವುದಿಲ್ಲ, ಇದ್ದುದರಲ್ಲಿ ಹೊಟ್ಟು ಹಾರಿಸುತ್ತದೆ, ಅಷ್ಟೆ. ವಿವೇಕವೂ ಹೊಸದೇನನ್ನೂ ಕಲಿಸದು. ಕಲಿತದ್ದರಲ್ಲಿ ಜೊಳ್ಳು ಯಾವುದೆಂದು ಹೇಳುತ್ತದೆ. ಬುದ್ಧಿಯನ್ನು ಕಳ್ಳತನಕ್ಕೂ ಬಳಸಬಹುದು, ಇದನ್ನು ಬಳಸಲಾಗದು.

ವೇದಾಂತಿಗಳಿಗೆ ಈ ಪದದ ಮೇಲೆ ಬಲು ಪ್ರೀತಿ. ಸಾಧಕನಿಗೆ ಬೇಕಾದ ನಾಲ್ಕು ಅರ್ಹತೆಗಳಲ್ಲಿ ಮೊದಲನೆಯದೇ ನಿತ್ಯ ಯಾವುದು, ಅನಿತ್ಯ ಯಾವುದು ಎಂಬ ವಿವೇಕ. ಶೃಂಗೇರಿಯ ವಿದ್ಯಾರಣ್ಯರ 'ಪಂಚದಶಿ'ಯ 15 ಪ್ರಕರಣಗಳಲ್ಲಿ ಮೊದಲ ಐದರ ಹೆಸರೂ ವಿವೇಕದಲ್ಲೇ ಮುಗಿಯುತ್ತದೆ. ಇಂಥ ಘನವಾದ ಪದ ಅಡುಗೆಮನೆಗೆ ಬರುವಾಗ ಮಾತ್ರ ಮುಂದೊಂದು 'ಅ' ಹಚ್ಚಿಕೊಂಡೇ ಬರುತ್ತದೆ. 'ಎಂಥ ವಿವೇಕಿಯಪ್ಪ ನೀನು' ಎಂದು ನಿಜವಾಗಿ ಹೊಗಳಿಸಿಕೊಂಡವರು ಅಪರೂಪ. 'ಅವಿವೇಕಿ' ಎಂದು ಬೈಸಿಕೊಳ್ಳದವರೂ ಅಪರೂಪ. ಸಭ್ಯರ ಬೈಗುಳಗಳಲ್ಲಿ ಇದಕ್ಕೇ ನನ್ನ ಓಟು. ದಡ್ಡನೆಂದರೆ ಪಾಪ ಎನಿಸುತ್ತದೆ, ಅವಿವೇಕಿ ಎಂದರೆ ತಿಳಿದೂ ತಿಳಿದೂ ಕೆಡಿಸಿದ ಎಂದಾಯಿತು.

ಸರ್ಕಾರಿ ಕನ್ನಡದಲ್ಲಿ ಈ ಬಳಗದ ಪಾಡು ಬೇರೆ. ಅಲ್ಲಿ 'ವಿವೇಚನಾಧಿಕಾರ' ಎಂದರೆ ಎಷ್ಟೋ ಸಲ 'ನಮ್ಮಿಷ್ಟ' ಎಂದೇ ಓದಿಕೊಳ್ಳಬೇಕು. 1989ರ ಏಪ್ರಿಲ್‌ನಲ್ಲಿ ಎಸ್.ಆರ್. ಬೊಮ್ಮಾಯಿಯವರ ಸರ್ಕಾರಕ್ಕೆ ಬಹುಮತವಿಲ್ಲವೆಂದು ರಾಜ್ಯಪಾಲರು ದೆಹಲಿಗೆ ವರದಿ ಕಳಿಸಿದರು. ಸದನದಲ್ಲಿ ಸಾಬೀತು ಮಾಡುತ್ತೇನೆಂದು ಬೊಮ್ಮಾಯಿ ಕೇಳಿಕೊಂಡರೂ ಅವಕಾಶ ಸಿಗಲಿಲ್ಲ. ಸರ್ಕಾರ ವಜಾ ಆಯಿತು. ಬಹುಮತವನ್ನು ಅಳೆಯುವ ಜಾಗ ವಿಧಾನಸಭೆಯೇ ಹೊರತು ರಾಜ್ಯಪಾಲರ ಅಭಿಪ್ರಾಯವಲ್ಲ ಎಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ ತೀರ್ಪು ಕೊಟ್ಟದ್ದು 1994ರ ಮಾರ್ಚ್‌ನಲ್ಲಿ. ಅಷ್ಟರಲ್ಲಿ ಆ ವಿಧಾನಸಭೆ ವಿಸರ್ಜನೆಯಾಗಿ, ಚುನಾವಣೆಯೂ ಮುಗಿದು ನಾಲ್ಕು ವರ್ಷ ದಾಟಿತ್ತು.